ಜನರಲ್ ತಿಮ್ಮಯ್ಯ ಅವರ ಸಮವಸ್ತ್ರ: ಓದುವ ಬಗೆ, ಉಳಿಸುವ ಬಗೆ

ಮಡಿಕೇರಿಯ ‘ಸನ್ನಿ ಸೈಡ್’ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಅವರ ಕುಟುಂಬದ ಮನೆ. ಬಹುಕಾಲ ಸಾರಿಗೆ ಇಲಾಖೆಯ ಕಚೇರಿಯಾಗಿದ್ದ ಈ ಮನೆಯನ್ನು ದುರಸ್ತಿ ಮಾಡಿ ವಸ್ತುಸಂಗ್ರಹಾಲಯವಾಗಿ ರೂಪಿಸಲಾಯಿತು. 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಉದ್ಘಾಟಿಸಿದರು. ಅಂಗಳದಲ್ಲಿ ಯುದ್ಧ ಸ್ಮಾರಕವೂ ಸೇವೆಯಿಂದ ನಿವೃತ್ತವಾದ ಟ್ಯಾಂಕೂ ಇವೆ. ಒಳಗಿನ ಕೋಣೆಗಳಲ್ಲಿ ಛಾಯಾಚಿತ್ರಗಳು, ಆಯುಧಗಳು ಮತ್ತು ಸೇನಾ ಸಮವಸ್ತ್ರಗಳಿವೆ.

ಟ್ಯಾಂಕಿನ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವವರು ಹೆಚ್ಚು. ಸಮವಸ್ತ್ರದ ಮುಂದೆ ಹೊತ್ತು ಕಳೆಯುವವರು ಕಡಿಮೆ. ಆದರೆ ಒಬ್ಬ ಅಧಿಕಾರಿಯ ಬದುಕನ್ನು ಹೆಚ್ಚು ವಿವರವಾಗಿ ಹೇಳುವುದು ಸಮವಸ್ತ್ರವೇ. ಯಾವ ದರ್ಜೆಗೆ ಏರಿದ್ದರು, ಯಾವ ರೆಜಿಮೆಂಟಿನವರು, ಯಾವ ಯುದ್ಧಗಳಲ್ಲಿ ಇದ್ದರು, ಯಾವ ಗೌರವ ಪಡೆದರು ಎಂಬುದೆಲ್ಲ ಅದರ ಹೆಗಲು, ಕೊರಳು, ಎದೆ ಮತ್ತು ಗುಂಡಿಗಳ ಮೇಲೆ ನಿಯಮಬದ್ಧವಾಗಿ ದಾಖಲಾಗಿರುತ್ತದೆ. ಆ ನಿಯಮಗಳನ್ನು ತಿಳಿದವರು ಸಮವಸ್ತ್ರವನ್ನು ಸೇವಾ ಪುಸ್ತಕದ ಹಾಗೆ ಓದಬಲ್ಲರು. ಅದನ್ನು ಕಾಪಾಡುವುದೆಂದರೆ ಈ ದಾಖಲೆಯ ಒಂದು ಸಾಲೂ ಅಳಿಯದಂತೆ ನೋಡಿಕೊಳ್ಳುವುದು.

ಸಮವಸ್ತ್ರದ ಹಿಂದಿನ ಸೇವೆ

ತಿಮ್ಮಯ್ಯ ಹುಟ್ಟಿದ್ದು 1906ರಲ್ಲಿ, ಮಡಿಕೇರಿಯಲ್ಲಿ. ಡೆಹ್ರಾಡೂನಿನ ಸೈನಿಕ ಕಾಲೇಜಿನಲ್ಲಿ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಅಧಿಕಾರಿಯಾದರು. ಅವರು ಸೇರಿದ್ದು 19ನೇ ಹೈದರಾಬಾದ್ ರೆಜಿಮೆಂಟನ್ನು. 1945ರಲ್ಲಿ ಅದಕ್ಕೆ ಕುಮಾವೂಂ ರೆಜಿಮೆಂಟ್ ಎಂದು ಹೆಸರು ಬದಲಾಯಿತು.

ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ಪ್ರದೇಶದಲ್ಲಿ ಅವರು ಈ ರೆಜಿಮೆಂಟಿನ 8ನೇ ಬೆಟಾಲಿಯನ್ನಿನ ನಾಯಕರಾಗಿದ್ದರು. ಮುಂದೆ 1947ರಲ್ಲಿ ಕಾಶ್ಮೀರದ ಬಡಗಾಮ್‌ನಲ್ಲಿ ಮಡಿದು ದೇಶದ ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ ಶರ್ಮಾ ಆಗ ಅದೇ ಬೆಟಾಲಿಯನ್ನಿನ ಕಿರಿಯ ಅಧಿಕಾರಿ. 1945ರ ಆರಂಭದಲ್ಲಿ ಕಾಂಗಾ ಎಂಬಲ್ಲಿ ನಡೆದ ಭೀಕರ ಕಾಳಗದಲ್ಲಿ ಒಂದೇ ಬ್ರಿಗೇಡಿನ ಮೂರೂ ಬೆಟಾಲಿಯನ್ನುಗಳಿಗೆ ಭಾರತೀಯರೇ ನಾಯಕರು: ತಿಮ್ಮಯ್ಯ, ಎಸ್.ಪಿ.ಪಿ. ಥೋರಟ್ ಮತ್ತು ಎಲ್.ಪಿ. ಸೇನ್. ಮೂವರಿಗೂ ‘ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್’ ಪದಕ ಬಂತು. ಆಮೇಲೆ 36ನೇ ಬ್ರಿಗೇಡಿನ ಹೊಣೆ ಹೊತ್ತ ತಿಮ್ಮಯ್ಯ, ಯುದ್ಧಭೂಮಿಯಲ್ಲಿ ಬ್ರಿಗೇಡನ್ನು ಮುನ್ನಡೆಸಿದ ಮೊದಲ ಭಾರತೀಯ ಎನಿಸಿಕೊಂಡರು.

ಸ್ವಾತಂತ್ರ್ಯದ ನಂತರ ಮೇಜರ್ ಜನರಲ್ ಆಗಿ ಕಾಶ್ಮೀರದ ಕಾರ್ಯಾಚರಣೆಯನ್ನು ಮುನ್ನಡೆಸಿದರು. 1948ರ ನವೆಂಬರ್ 1ರಂದು, ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆದಾರಿಗೆ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿ ಎದುರಾಳಿಯನ್ನು ಹಿಮ್ಮೆಟ್ಟಿಸಿದ್ದು ಅವರ ಹೆಸರಿನೊಂದಿಗೆ ಬೆಸೆದುಕೊಂಡ ಘಟನೆ. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರಬಹುದೆಂದು ಯಾರೂ ಎಣಿಸಿರಲಿಲ್ಲ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ತಾಯ್ನಾಡಿಗೆ ಮರಳಲು ಒಪ್ಪದ ಸುಮಾರು 23,000 ಯುದ್ಧಕೈದಿಗಳ ವಿಚಾರ ನೋಡಿಕೊಳ್ಳಲು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷರಾಗಿದ್ದವರು ತಿಮ್ಮಯ್ಯ. 1954ರಲ್ಲಿ ಅವರಿಗೆ ಪದ್ಮಭೂಷಣ ದೊರೆಯಿತು. 1957ರ ಮೇ 8ರಿಂದ 1961ರ ಮೇ 7ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ನಿವೃತ್ತಿಯ ಬಳಿಕ ವಿಶ್ವಸಂಸ್ಥೆ ಅವರನ್ನು ಸೈಪ್ರಸ್ ಶಾಂತಿಪಾಲನಾ ಪಡೆಯ ದಂಡನಾಯಕರನ್ನಾಗಿ 1964ರಲ್ಲಿ ನೇಮಿಸಿತು. ಅಲ್ಲಿ ಕರ್ತವ್ಯದಲ್ಲಿದ್ದಾಗಲೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ಸ್ಮರಣೆಗೆ ಅಂಚೆಚೀಟಿ ಹೊರಡಿಸಿತು.

ಈ ನಾಲ್ಕು ದಶಕಗಳಲ್ಲಿ ಅವರ ಮೈಮೇಲಿನ ಉಡುಪು ಹಲವು ಸಲ ಬದಲಾಗಿದೆ. ಬ್ರಿಟಿಷ್ ಭಾರತದ ಸೇನೆಯದ್ದು ಒಂದು, ಗಣರಾಜ್ಯದ ಸೇನೆಯದ್ದು ಇನ್ನೊಂದು, ವಿಶ್ವಸಂಸ್ಥೆಯ ಲಾಂಛನ ಹೊತ್ತದ್ದು ಮತ್ತೊಂದು.

ಬಟ್ಟೆ ಮತ್ತು ಬಣ್ಣ

ಖಾಕಿ ಬಣ್ಣ ಸೇನೆಗೆ ಬಂದದ್ದು 1840ರ ದಶಕದ ಕೊನೆಯಲ್ಲಿ, ಪೆಶಾವರದ ಗೈಡ್ಸ್ ಪಡೆಯಿಂದ. ಅದಕ್ಕೂ ಮೊದಲು ಕೆಂಪು ಕೋಟು ಸೇನೆಯ ಗುರುತಾಗಿತ್ತು. ಬಂದೂಕುಗಳ ಗುರಿ ದೂರಕ್ಕೆ ತಲುಪತೊಡಗಿದ ಮೇಲೆ ಕೆಂಪು ಬಣ್ಣ ಸೈನಿಕನನ್ನು ಶತ್ರುವಿಗೆ ತೋರಿಸಿಕೊಡುತ್ತಿತ್ತು; ಮಣ್ಣಿನ ಬಣ್ಣ ಅವನನ್ನು ಮರೆಮಾಚಿತು. ಬರ್ಮಾದ ಹಸಿರು ಕಾಡಿನಲ್ಲಿ ಖಾಕಿಯೂ ಎದ್ದು ಕಾಣತೊಡಗಿದಾಗ 14ನೇ ಸೇನೆ ಕಡುಹಸಿರು ಉಡುಪಿಗೆ ಬದಲಾಯಿತು. ಸ್ವತಂತ್ರ ಭಾರತದ ಸೇನೆ ಎಣ್ಣೆಹಸಿರನ್ನು, ಅಂದರೆ ಆಲಿವ್ ಗ್ರೀನ್ ಬಣ್ಣವನ್ನು ತನ್ನದಾಗಿಸಿಕೊಂಡಿತು. ಹೀಗಾಗಿ ಬಣ್ಣ ನೋಡಿದರೆ ಉಡುಪಿನ ಕಾಲವನ್ನೂ ಅದನ್ನು ಬಳಸಿದ ಸಂದರ್ಭವನ್ನೂ ಸ್ಥೂಲವಾಗಿ ಹೇಳಬಹುದು.

ಸಾಮಾನ್ಯ ಸೈನಿಕರಿಗೆ ಉಡುಪನ್ನು ಸೇನೆಯ ಉಗ್ರಾಣವೇ ಕೊಡುತ್ತಿತ್ತು. ಅಧಿಕಾರಿಗಳು ಸೇನಾ ದರ್ಜಿಗಳಲ್ಲಿ ಅಳತೆ ಕೊಟ್ಟು ಹೊಲಿಸಿಕೊಳ್ಳುತ್ತಿದ್ದರು. ಬೇಸಿಗೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ ದಪ್ಪ ಹತ್ತಿಯ ಡ್ರಿಲ್ ಬಟ್ಟೆ, ಚಳಿಗೆ ಉಣ್ಣೆಯ ಸರ್ಜ್ ಅಥವಾ ಬರಾಥಿಯಾ. ಮದ್ರಾಸು ಮತ್ತು ಬೆಂಗಳೂರಿನ ಬಿನ್ನಿ ಗಿರಣಿಗಳ ಬಟ್ಟೆಗೆ ಸೇನೆ ದೊಡ್ಡ ಗಿರಾಕಿಯಾಗಿತ್ತು. ಯಾವ ನೂಲು ಎಂಬುದು ವಸ್ತುಸಂಗ್ರಹಾಲಯಕ್ಕೆ ಬಹಳ ಮುಖ್ಯ. ಹತ್ತಿಗೆ ಬರುವ ರೋಗ ಬೇರೆ, ಉಣ್ಣೆಗೆ ಬರುವ ರೋಗ ಬೇರೆ.

ಹೆಗಲು ಮತ್ತು ಕೊರಳು

ದರ್ಜೆ ಗುರುತಿಸಲು ಮೊದಲು ನೋಡಬೇಕಾದದ್ದು ಹೆಗಲಪಟ್ಟಿ. ಎರಡು ನಕ್ಷತ್ರವಿದ್ದರೆ ಲೆಫ್ಟಿನೆಂಟ್, ಮೂರಿದ್ದರೆ ಕ್ಯಾಪ್ಟನ್. ಅಶೋಕ ಸ್ತಂಭದ ಸಿಂಹಲಾಂಛನ ಒಂದೇ ಇದ್ದರೆ ಮೇಜರ್. ಲಾಂಛನದ ಜೊತೆ ಒಂದು ನಕ್ಷತ್ರ ಲೆಫ್ಟಿನೆಂಟ್ ಕರ್ನಲ್‌ಗೆ, ಎರಡು ಕರ್ನಲ್‌ಗೆ, ತ್ರಿಕೋನವಾಗಿ ಜೋಡಿಸಿದ ಮೂರು ಬ್ರಿಗೇಡಿಯರ್‌ಗೆ. ಅಲ್ಲಿಂದ ಮೇಲಕ್ಕೆ ಕತ್ತಿ ಮತ್ತು ದಂಡ ಒಂದನ್ನೊಂದು ಹಾಯ್ದಿರುವ ಚಿಹ್ನೆ ಬರುತ್ತದೆ. ಅದರ ಜೊತೆ ನಕ್ಷತ್ರವಿದ್ದರೆ ಮೇಜರ್ ಜನರಲ್, ಸಿಂಹಲಾಂಛನವಿದ್ದರೆ ಲೆಫ್ಟಿನೆಂಟ್ ಜನರಲ್, ಎರಡೂ ಇದ್ದರೆ ಜನರಲ್. ಸೇನಾ ಮುಖ್ಯಸ್ಥರಾಗಿ ತಿಮ್ಮಯ್ಯ ಧರಿಸಿದ್ದು ಈ ಕೊನೆಯದನ್ನು.

ಇದಕ್ಕೂ ಮೇಲಿನದು ಫೀಲ್ಡ್ ಮಾರ್ಷಲ್ ಪದವಿ. ಅಲ್ಲಿ ಸಿಂಹಲಾಂಛನದ ಕೆಳಗೆ ಕತ್ತಿ ಮತ್ತು ದಂಡ ಅಡ್ಡಹಾಯ್ದಿದ್ದು, ಸುತ್ತ ಕಮಲದ ಹಾರವಿರುತ್ತದೆ. ಭಾರತದ ಭೂಸೇನೆಯಲ್ಲಿ ಈ ಗೌರವ ಪಡೆದವರು ಇಬ್ಬರೇ: 1973ರಲ್ಲಿ ಮಾಣೆಕ್ ಷಾ, 1986ರಲ್ಲಿ ಕೊಡಗಿನವರೇ ಆದ ಕೆ.ಎಂ. ಕಾರ್ಯಪ್ಪ.

ಕರ್ನಲ್ ಮತ್ತು ಅದಕ್ಕೂ ಮೇಲಿನವರ ಕಾಲರಿನ ಎರಡೂ ಬದಿಗೆ ಕೆಂಪು ಪಟ್ಟಿ ಇರುತ್ತದೆ. ಹಿಂದೆ ಯೋಧರು ಕೊರಳಿಗೆ ಕಟ್ಟುತ್ತಿದ್ದ ಲೋಹದ ಕವಚದ ಕೊನೆಯ ಕುರುಹು ಅದು. ಇಂದಿನ ಪದ್ಧತಿಯಂತೆ ಬ್ರಿಗೇಡಿಯರ್‌ಗೆ ಅದರ ಮೇಲೆ ಒಂದು ನಕ್ಷತ್ರ, ಮೇಜರ್ ಜನರಲ್‌ಗೆ ಎರಡು, ಲೆಫ್ಟಿನೆಂಟ್ ಜನರಲ್‌ಗೆ ಮೂರು, ಜನರಲ್‌ಗೆ ನಾಲ್ಕು.

ಹೆಗಲಪಟ್ಟಿ ಕಾಲವನ್ನೂ ಹೇಳುತ್ತದೆ. 1950ರ ಜನವರಿ 26ಕ್ಕೆ ಭಾರತ ಗಣರಾಜ್ಯವಾದಾಗ ಬ್ರಿಟಿಷ್ ಕಿರೀಟದ ಜಾಗಕ್ಕೆ ಸಿಂಹಲಾಂಛನ ಬಂತು. ನಕ್ಷತ್ರದ ಆಕಾರವೂ ಬದಲಾಗಿ ಐದು ಮೂಲೆಯದಾಯಿತು. ಕಿರೀಟವಿರುವ ಬಿಲ್ಲೆ ಕಂಡರೆ ಅದು ಗಣರಾಜ್ಯಕ್ಕಿಂತ ಹಿಂದಿನದು ಎಂದು ಹೇಳಬಹುದು.

ಎಡ ಎದೆಯ ರಿಬ್ಬನ್ ಸಾಲು

ಎಡ ಜೇಬಿನ ಮೇಲೆ ಅಡ್ಡಸಾಲಾಗಿ ಕೂರಿಸಿದ ಬಣ್ಣಬಣ್ಣದ ಪಟ್ಟಿಗಳೇ ಸಮವಸ್ತ್ರದಲ್ಲಿ ಎಲ್ಲಕ್ಕಿಂತ ವಿವರವಾದ ದಾಖಲೆ. ದಿನನಿತ್ಯದ ಉಡುಪಿಗೆ ರಿಬ್ಬನ್ ಮಾತ್ರ. ಪೆರೇಡಿನಂಥ ವಿಧ್ಯುಕ್ತ ಸಂದರ್ಭಗಳಿಗೆ ಪೂರ್ಣ ಗಾತ್ರದ ಪದಕ. ರಾತ್ರಿಯ ಮೆಸ್ ಔತಣಗಳಿಗೆ ಅದೇ ಪದಕದ ಕಿರುರೂಪ. ಒಬ್ಬರದೇ ಪದಕ ಮೂರು ರೂಪಗಳಲ್ಲಿ ಸಿಕ್ಕರೆ ಅವು ನಕಲಿಯಲ್ಲ.

ಪ್ರತಿ ಪದಕಕ್ಕೂ ಅದರದೇ ರಿಬ್ಬನ್. ಪರಮವೀರ ಚಕ್ರದ್ದು ಪೂರ್ತಿ ನೇರಳೆ. ಮಹಾವೀರ ಚಕ್ರದ್ದು ಅರ್ಧ ಬಿಳಿ, ಅರ್ಧ ಕಿತ್ತಳೆ. ವೀರ ಚಕ್ರದ್ದು ಅರ್ಧ ಕಡುನೀಲಿ, ಅರ್ಧ ಕಿತ್ತಳೆ. 1947ರ ಸ್ವಾತಂತ್ರ್ಯ ಪದಕಕ್ಕೆ ಕೇಸರಿ, ಬಿಳಿ, ಹಸಿರಿನ ಮೂರು ಸಮ ಪಟ್ಟೆಗಳು. ತಿಮ್ಮಯ್ಯ ಅವರಿಗೆ ಕಾಂಗಾ ಕಾಳಗಕ್ಕಾಗಿ ಬಂದ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್ 1886ರಲ್ಲಿ ಸ್ಥಾಪನೆಯಾದ ಗೌರವ. ಕಡುಗೆಂಪು ರಿಬ್ಬನ್, ಎರಡೂ ಅಂಚಿಗೆ ನೀಲಿ. ಮಹಾಯುದ್ಧದಲ್ಲಿ ಪಾಲ್ಗೊಂಡವರಿಗೆ ಕೊಟ್ಟ ‘1939–45 ಸ್ಟಾರ್’ ಕಡುನೀಲಿ, ಕೆಂಪು, ತಿಳಿನೀಲಿ ಬಣ್ಣಗಳದ್ದು. ಅವು ನೌಕಾಪಡೆ, ಭೂಸೇನೆ, ವಾಯುಪಡೆಗಳನ್ನು ಸೂಚಿಸುತ್ತವೆ. ‘ಬರ್ಮಾ ಸ್ಟಾರ್’ ರಿಬ್ಬನ್ನಿನ ನಡುವೆ ಅಗಲವಾದ ಕೆಂಪು ಪಟ್ಟೆ, ಎರಡು ಕಡೆಗೆ ನೀಲಿ, ನೀಲಿಯ ನಡುವೆ ಕಿತ್ತಳೆ.

ರಿಬ್ಬನ್ನುಗಳ ಕ್ರಮಕ್ಕೂ ನಿಯಮವಿದೆ. ಎಲ್ಲಕ್ಕಿಂತ ಹಿರಿಯ ಗೌರವ ಎದೆಯ ನಡುಭಾಗಕ್ಕೆ ಹತ್ತಿರ ಬರಬೇಕು. ಉಳಿದವು ಇಳಿಕ್ರಮದಲ್ಲಿ ಎಡತೋಳಿನ ಕಡೆಗೆ ಸಾಗುತ್ತವೆ. ಸ್ವತಂತ್ರ ಭಾರತದ ನಿಯಮದಂತೆ ಮೊದಲು ಭಾರತದ ಪದಕಗಳು, ಅವುಗಳ ನಂತರ ಕಾಮನ್‌ವೆಲ್ತ್ ಮತ್ತು ಇತರ ದೇಶಗಳವು. ಹೀಗಾಗಿ 1945ರಲ್ಲಿ ಸಾಲಿನ ತುದಿಯಲ್ಲಿ ಮೆರೆದ ಬ್ರಿಟಿಷ್ ಶೌರ್ಯಪದಕ ನಂತರದ ವರ್ಷಗಳ ಉಡುಪಿನಲ್ಲಿ ಹಿಂದಕ್ಕೆ ಸರಿದಿರುತ್ತದೆ. ಕ್ರಮ ಬದಲಾದದ್ದೂ ಇತಿಹಾಸವೇ. ಕಳಚಿಬಿದ್ದ ರಿಬ್ಬನ್ನನ್ನು ತೋಚಿದ ಜಾಗಕ್ಕೆ ಹೊಲಿದರೆ ಆ ಇತಿಹಾಸ ತಪ್ಪಾಗುತ್ತದೆ.

ಗುಂಡಿ, ಬಿಲ್ಲೆ, ಒಳಜೇಬು

ಗುಂಡಿಗಳ ಮೇಲೂ ಕಾಲರಿನ ಬಿಲ್ಲೆಯ ಮೇಲೂ ಟೋಪಿಯ ಮೇಲೂ ರೆಜಿಮೆಂಟಿನ ಗುರುತು ಇರುತ್ತದೆ. ಕುಮಾವೂಂ ರೆಜಿಮೆಂಟಿನದು ಮುಂಗಾಲೆತ್ತಿ ಶಿಲುಬೆ ಹಿಡಿದ ಸಿಂಹ. ಹೈದರಾಬಾದ್ ನಿಜಾಮರ ಸೇವೆಯಲ್ಲಿ ಈ ಪಡೆ ಕಟ್ಟಿದ ರಸೆಲ್ ಎಂಬ ಬ್ರಿಟಿಷ್ ಅಧಿಕಾರಿಯ ಮನೆತನದ ಲಾಂಛನದಿಂದ ಅದು ಬಂದಿದೆ. ಗುಂಡಿಯ ಹಿಂಬದಿಯಲ್ಲಿ ತಯಾರಕರ ಮುದ್ರೆ ಸಿಗಬಹುದು. ಕೋಟಿನ ಒಳಜೇಬಿನಲ್ಲಿ ದರ್ಜಿ ಅಂಟಿಸಿದ ಚೀಟಿಯಲ್ಲಿ ಹೆಸರೂ ಹೊಲಿದ ದಿನಾಂಕವೂ ಇರುವುದುಂಟು. ಎಷ್ಟೋ ಪದಕಗಳ ಅಂಚಿನಲ್ಲಿ ಪಡೆದವರ ಸಂಖ್ಯೆ, ದರ್ಜೆ, ಹೆಸರು ಕೆತ್ತಿರುತ್ತದೆ. ಯಾವ ಉಡುಪು ಯಾರದು ಎಂಬ ಪ್ರಶ್ನೆ ಬಂದಾಗ ತೀರ್ಮಾನ ಮಾಡುವುದು ಇಂಥ ಸಣ್ಣ ಕುರುಹುಗಳು.

ಕಲೆಯೂ ಹರುಕೂ ಸಾಕ್ಷಿ

ಇಂಗ್ಲೆಂಡಿನ ಗ್ರೀನಿಚ್‌ನ ಸಾಗರ ವಸ್ತುಸಂಗ್ರಹಾಲಯದಲ್ಲಿ ನೌಕಾದಂಡನಾಯಕ ನೆಲ್ಸನ್ ಟ್ರಫಾಲ್ಗರ್ ಕದನದಲ್ಲಿ ತೊಟ್ಟಿದ್ದ ಕೋಟು ಇದೆ. 1805ರ ಅಕ್ಟೋಬರ್ 21ರಂದು ಅವನ ಪ್ರಾಣ ತೆಗೆದ ಗುಂಡು ಎಡಹೆಗಲಿನಲ್ಲಿ ಮಾಡಿದ ತೂತು ಇಂದಿಗೂ ಹಾಗೆಯೇ ಇದೆ. ರಕ್ತದ ಕಲೆಗಳೂ ಉಳಿದಿವೆ. ಯಾರೂ ಆ ತೂತಿಗೆ ತೇಪೆ ಹಾಕಲಿಲ್ಲ. ತೇಪೆ ಹಾಕಿದ್ದರೆ ಕೋಟು ಚೆಂದ ಕಾಣುತ್ತಿತ್ತು, ಆದರೆ ಹೇಳಬೇಕಾದದ್ದನ್ನು ಹೇಳುತ್ತಿರಲಿಲ್ಲ.

ಸಂರಕ್ಷಣೆಯ ಮೊದಲ ಸೂತ್ರ ಇದೇ. ಸೇವೆಯ ಕಾಲದ ಕಲೆ, ಹರುಕು, ಸವೆತ, ತೇಪೆ ಎಲ್ಲವೂ ಸಾಕ್ಷಿ, ಅವನ್ನು ಉಳಿಸಬೇಕು. ನಂತರ ಸೇರಿಕೊಂಡ ಧೂಳು, ಬೂಷ್ಟು, ಹುಳುಗಳನ್ನು ಮಾತ್ರ ದೂರ ಮಾಡಬೇಕು. ಹಳೆಯ ಸಮವಸ್ತ್ರವನ್ನು ಒಗೆಯುವುದು ದೊಡ್ಡ ತಪ್ಪು. ನೀರು ತಾಗಿದರೆ ಕೆಂಪು ಪಟ್ಟಿಯ ಬಣ್ಣ ಬಿಡುತ್ತದೆ, ಉಣ್ಣೆ ಕುಗ್ಗುತ್ತದೆ, ಒಳಪದರದ ಕ್ಯಾನ್ವಾಸ್ ಸುಕ್ಕಾಗುತ್ತದೆ.

ಹಾಳು ಮಾಡುವ ಶತ್ರುಗಳು

ಬೆಳಕು ಮೊದಲ ಶತ್ರು. ಅದು ಬಣ್ಣವನ್ನು ಮಂಕಾಗಿಸುವುದರ ಜೊತೆಗೆ ನೂಲಿನ ಬಲವನ್ನೂ ಕುಗ್ಗಿಸುತ್ತದೆ. ಈ ಹಾನಿ ದಿನದಿನಕ್ಕೂ ಕೂಡಿಕೊಳ್ಳುತ್ತ ಹೋಗುತ್ತದೆ. ಕತ್ತಲಲ್ಲಿಟ್ಟರೆ ನಿಲ್ಲುತ್ತದೆಯೇ ಹೊರತು ವಾಸಿಯಾಗುವುದಿಲ್ಲ. ಅದಕ್ಕಾಗಿ ಬಟ್ಟೆ ಪ್ರದರ್ಶಿಸುವ ಕೋಣೆಯ ಬೆಳಕು 50 ಲಕ್ಸ್ ಮೀರಬಾರದೆಂಬುದು ಜಗತ್ತಿನ ವಸ್ತುಸಂಗ್ರಹಾಲಯಗಳು ಒಪ್ಪಿರುವ ಅಳತೆ. ಗಾಜಿನ ಪೆಟ್ಟಿಗೆಗಳ ಸುತ್ತ ಮಂದ ಬೆಳಕು ಇರುವುದರ ಕಾರಣ ಇದು.

ತೇವ ಎರಡನೆಯದು. ಗಾಳಿಯ ತೇವಾಂಶ ಶೇ 65 ದಾಟಿ ಹಾಗೆಯೇ ನಿಂತರೆ ಬೂಷ್ಟು ಹಿಡಿಯುತ್ತದೆ. ತೀರಾ ಕಡಿಮೆಯಾದರೆ ನೂಲು ಒಣಗಿ ಮುರಿಯುತ್ತದೆ. ಶೇ 45ರಿಂದ 55ರ ನಡುವೆ, ಹೆಚ್ಚು ಏರಿಳಿತವಿಲ್ಲದೆ ಇರುವುದು ಒಳ್ಳೆಯದು. ಮಳೆಗಾಲದ ತಿಂಗಳುಗಳಲ್ಲಿ ಮಡಿಕೇರಿಯಂಥ ಊರಿನ ವಸ್ತುಸಂಗ್ರಹಾಲಯಕ್ಕೆ ಇದು ಕಠಿಣ ಸವಾಲು.

ಮೂರನೆಯದು ಹುಳು. ಬಟ್ಟೆನುಸಿಯ ಮರಿಗಳು ಉಣ್ಣೆಯನ್ನು ತಿನ್ನುತ್ತವೆ, ಹತ್ತಿಯನ್ನು ಬಿಡುತ್ತವೆ. ಆದರೆ ಹತ್ತಿಯ ಖಾಕಿಗೆ ಹಾಕಿದ ಗಂಜಿ, ಪುಸ್ತಕದ ಸಂದಿನಲ್ಲಿ ಓಡಾಡುವ ಬೆಳ್ಳಿ ಬಣ್ಣದ ಹುಳುವಿಗೂ ಜಿರಲೆಗೂ ಆಹಾರ. ಹುಳು ಬಿದ್ದ ಉಡುಪನ್ನು ಗಾಳಿಯಾಡದಂತೆ ಪಾಲಿಥೀನಿನಲ್ಲಿ ಸುತ್ತಿ ಮೈನಸ್ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ, ಅಥವಾ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಟ್ಟರೆ ಹುಳುಗಳೂ ಮೊಟ್ಟೆಗಳೂ ಸಾಯುತ್ತವೆ. ಇದರಲ್ಲಿ ಯಾವ ವಿಷವೂ ಬೇಕಿಲ್ಲ.

ನಾಲ್ಕನೆಯದು ಲೋಹ. ಹಿತ್ತಾಳೆ ಗುಂಡಿ ಕಿಲುಬಿ ಸುತ್ತಲ ಬಟ್ಟೆಯನ್ನು ಹಸಿರಾಗಿಸುತ್ತದೆ; ಕಬ್ಬಿಣದ ಪಿನ್ನು ತುಕ್ಕು ಹಿಡಿದು ಬಟ್ಟೆಯನ್ನು ತೂತು ಮಾಡುತ್ತದೆ. ಜರಿ ಕಸೂತಿಯ ಬೆಳ್ಳಿ ಎಳೆಗಳನ್ನು ಗಾಳಿಯ ಗಂಧಕ ಕಪ್ಪಾಗಿಸುತ್ತದೆ. ಉಣ್ಣೆಯಲ್ಲೇ ಗಂಧಕವಿರುವುದರಿಂದ ಮುಚ್ಚಿದ ಪೆಟ್ಟಿಗೆಯಲ್ಲೂ ಈ ಕ್ರಿಯೆ ನಡೆಯುತ್ತದೆ. ಸೈನಿಕರಿಗೆ ಗುಂಡಿಗಳನ್ನು ದಿನವೂ ಪಾಲಿಶ್ ಮಾಡುವುದು ಶಿಸ್ತು. ವಸ್ತುಸಂಗ್ರಹಾಲಯದಲ್ಲಿ ಅದೇ ಹಾನಿ: ಪ್ರತಿ ಸಲ ಉಜ್ಜಿದಾಗಲೂ ಕೆತ್ತನೆ ಸವೆಯುತ್ತದೆ, ಪಾಲಿಶಿನ ಬಿಳಿ ಪುಡಿ ಬಟ್ಟೆಯಲ್ಲಿ ಕೂರುತ್ತದೆ.

ಇಡುವ ಕ್ರಮ

ಉಡುಪು ವಸ್ತುಸಂಗ್ರಹಾಲಯಕ್ಕೆ ಬಂದ ದಿನವೇ ಅದಕ್ಕೊಂದು ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯನ್ನು ಹತ್ತಿಯ ಪಟ್ಟಿಯಲ್ಲಿ ಬರೆದು ಒಳಬದಿಗೆ ಸಡಿಲವಾಗಿ ಹೊಲಿಯುತ್ತಾರೆ. ಎಲ್ಲ ಬದಿಗಳಿಂದ ಛಾಯಾಚಿತ್ರ ತೆಗೆದು, ಎಲ್ಲೆಲ್ಲಿ ಹರಿದಿದೆ, ಏನೇನು ಜೋಡಿಸಿದೆ, ಯಾರಿಂದ ಬಂತು, ಅವರು ಏನು ಹೇಳಿದರು ಎಂಬುದನ್ನು ಬರೆದಿಡುತ್ತಾರೆ. ಧೂಳನ್ನು ತೆಳು ಜಾಲರಿಯ ಮೂಲಕ ಕಡಿಮೆ ಬಲದ ವ್ಯಾಕ್ಯೂಮ್ ಯಂತ್ರದಿಂದ ತೆಗೆಯುತ್ತಾರೆ.

ಉಗ್ರಾಣದಲ್ಲಿ ಉಡುಪನ್ನು ಅಗಲವಾದ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ತೋಳುಗಳ ಒಳಗೆ, ಮಡಿಕೆಗಳ ನಡುವೆ ಆಮ್ಲರಹಿತ ಕಾಗದದ ಸುರುಳಿ ತುಂಬುತ್ತಾರೆ. ಮಡಿಕೆ ಚೂಪಾದರೆ ನೂಲು ಅಲ್ಲಿಯೇ ಮುರಿಯುತ್ತದೆ. ತಂತಿಯ ಹ್ಯಾಂಗರಿಗೆ ತೂಗುಹಾಕಿದರೆ ಪದಕಗಳ ಭಾರಕ್ಕೆ ಹೆಗಲು ಹರಿಯುತ್ತದೆ. ಪ್ರದರ್ಶನಕ್ಕೆ ಉಡುಪಿನ ಅಳತೆಗೆ ತಕ್ಕಂತೆ ಗೊಂಬೆಯನ್ನು ಸಿದ್ಧ ಮಾಡುತ್ತಾರೆ. ಗೊಂಬೆಗೆ ಹೊಂದುವಂತೆ ಉಡುಪನ್ನು ಎಳೆಯುವಂತಿಲ್ಲ. ಕೆಲವು ತಿಂಗಳು ಪ್ರದರ್ಶಿಸಿದ ಮೇಲೆ ಅದಕ್ಕೆ ಕತ್ತಲಿನ ವಿಶ್ರಾಂತಿ ಬೇಕು. ಆ ಅವಧಿಗೆ ಪ್ರತಿಕೃತಿ ಇಡುವ ಪದ್ಧತಿಯೂ ಇದೆ.

ಮಲೆನಾಡಿನ ಮನೆಗಳಿಗೆ

ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಸೇನಾ ಇತಿಹಾಸದ ಒಂದು ಅಪರೂಪದ ಸಂಗ್ರಹವಿದೆ. 2018ರ ಜುಲೈನಲ್ಲಿ ಹೊಸನಗರ ತಾಲ್ಲೂಕಿನ ನಗರ ಗ್ರಾಮದ ಹಾಳುಬಾವಿಯಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಹೊರಬಂದವು. ಎರಡು ಶತಮಾನ ಕೆಸರಿನಲ್ಲಿದ್ದರೂ ಕಬ್ಬಿಣ ಉಳಿಯಿತು. ಆ ರಾಕೆಟ್ ಹಾರಿಸಿದವರ ಬಟ್ಟೆಯಾಗಿದ್ದರೆ ಅಷ್ಟು ಕಾಲ ಉಳಿಯುವುದು ಕಷ್ಟ. ಆಯುಧ ಮಣ್ಣಿನಲ್ಲೂ ಬಾಳುತ್ತದೆ. ಉಡುಪು ಬಾಳಬೇಕಾದರೆ ಯಾರಾದರೂ ಜೋಪಾನ ಮಾಡಲೇಬೇಕು.

ಆ ಜೋಪಾನ ಮನೆಯಿಂದಲೇ ಆರಂಭವಾಗಬೇಕು. ಶಿವಮೊಗ್ಗ, ಭದ್ರಾವತಿಯ ಮನೆಗಳಲ್ಲಾಗಲಿ, ತುಂಗಾ ಅಣೆಕಟ್ಟಿನ ಮಗ್ಗುಲಿನ ಗಾಜನೂರಿನಂಥ ಊರುಗಳಲ್ಲಾಗಲಿ ಸೇನೆಯಿಂದ ನಿವೃತ್ತರಾದವರ ಉಡುಪು ಟ್ರಂಕಿನಲ್ಲಿದ್ದರೆ ಅದಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವವೇ ದೊಡ್ಡ ಅಪಾಯ. ಟ್ರಂಕನ್ನು ಹೊರಗೋಡೆಗೆ ಒತ್ತಿ ಇಡಬಾರದು, ನೆಲದ ಮೇಲೂ ಇಡಬಾರದು. ಒಲೆಯ ಮೇಲಿನ ಅಟ್ಟ ಬೆಚ್ಚಗಿದ್ದರೂ ಅಲ್ಲಿ ಹೊಗೆಮಸಿ ಕೂರುತ್ತದೆ. ಕಬ್ಬಿಣದ ಟ್ರಂಕಿನ ಒಳಗೆ ಒಗೆದು ಒಣಗಿಸಿದ ಬಿಳಿ ಹತ್ತಿಬಟ್ಟೆ ಹಾಸಿ, ಅದರಲ್ಲಿ ಉಡುಪನ್ನು ಸುತ್ತಿಡಬೇಕು. ವೃತ್ತಪತ್ರಿಕೆಯ ಕಾಗದದಲ್ಲಿ ಆಮ್ಲವಿರುವುದರಿಂದ ಅದನ್ನು ಬಳಸಬಾರದು. ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಹಿಡಿದಿಡುತ್ತದೆ. ನುಸಿಗುಳಿಗೆ ಬಟ್ಟೆಗೆ ತಾಗಬಾರದು. ಅದರ ಆವಿ ಮನೆಯವರ ಆರೋಗ್ಯಕ್ಕೂ ಒಳ್ಳೆಯದಲ್ಲ. ಮಳೆ ಮುಗಿದ ಮೇಲೆ ಒಣ ಹವೆಯ ದಿನ ನೋಡಿ ನೆರಳಿನಲ್ಲಿ ಬಿಡಿಸಿ, ಹುಳುವಿನ ಸುಳಿವಿದೆಯೇ ಎಂದು ನೋಡಿ, ಹಿಂದೆ ಮಡಿಸಿದ ಗೆರೆಗೆ ಬದಲು ಬೇರೆ ಗೆರೆಯಲ್ಲಿ ಮಡಿಸಬೇಕು.

ಪದಕಗಳನ್ನು ಉಡುಪಿನಿಂದ ಬೇರೆ ಮಾಡಬೇಕಾದರೆ ಮೊದಲು ಛಾಯಾಚಿತ್ರ ತೆಗೆದು ಅವುಗಳ ಕ್ರಮವನ್ನು ಬರೆದುಕೊಳ್ಳಬೇಕು. ಸೇವಾ ಪುಸ್ತಕ, ನಿವೃತ್ತಿ ಪತ್ರ, ಪದಕದ ಜೊತೆ ಬಂದ ಪ್ರಶಸ್ತಿ ಪತ್ರ, ಹಳೆಯ ಫೋಟೊ ಇವುಗಳನ್ನು ಬೇರೆ ಪೆಟ್ಟಿಗೆಯಲ್ಲಿಟ್ಟರೂ ಯಾವ ಉಡುಪಿಗೆ ಸೇರಿದ್ದೆಂದು ನಮೂದಿಸಿರಬೇಕು. ತೊಟ್ಟವರು ಬದುಕಿರುವಾಗಲೇ ಯಾವ ರೆಜಿಮೆಂಟ್, ಯಾವ ವರ್ಷ, ಯಾವ ಊರು ಎಂದು ಕೇಳಿ ಬರೆದುಕೊಳ್ಳುವುದು ಎಲ್ಲಕ್ಕಿಂತ ತುರ್ತಿನ ಕೆಲಸ. ಬಟ್ಟೆಗೆ ಇನ್ನೂ ಸಮಯವಿದೆ, ನೆನಪಿಗೆ ಅಷ್ಟಿಲ್ಲ.

ಮನೆಯಲ್ಲಿ ಕಾಪಾಡಲಾಗದಿದ್ದರೆ ವಸ್ತುಸಂಗ್ರಹಾಲಯಕ್ಕೆ ಅಥವಾ ಆಯಾ ರೆಜಿಮೆಂಟಿನ ಕೇಂದ್ರಕ್ಕೆ ಕೊಡಬಹುದು. ಕೊಡುವಾಗ ಉಡುಪು, ಪದಕ, ಕಾಗದಪತ್ರ ಮೂರನ್ನೂ ಒಟ್ಟಿಗೆ ಕೊಟ್ಟು, ಅವುಗಳ ಪಟ್ಟಿಗೆ ಸಹಿ ಪಡೆಯಬೇಕು. ಪದಕವನ್ನು ಒಬ್ಬರು, ಕೋಟನ್ನು ಇನ್ನೊಬ್ಬರು ಹಂಚಿಕೊಂಡರೆ ಎರಡರ ಅರ್ಥವೂ ಅರ್ಧವಾಗುತ್ತದೆ. ಸೇನಾ ಮುಖ್ಯಸ್ಥರ ಉಡುಪಿಗೆ ಅನ್ವಯಿಸುವ ಈ ನಿಯಮ ಒಬ್ಬ ಸಿಪಾಯಿಯ ಉಡುಪಿಗೂ ಅಷ್ಟೇ ಅನ್ವಯಿಸುತ್ತದೆ. ಜನರಲ್‌ಗಳ ಬಗ್ಗೆ ಪುಸ್ತಕಗಳೂ ಸರ್ಕಾರಿ ದಾಖಲೆಗಳೂ ಇರುತ್ತವೆ. ಸಿಪಾಯಿಯ ಸೇವೆಗೆ ಎಷ್ಟೋ ಸಲ ಅವನ ಉಡುಪೊಂದೇ ದಾಖಲೆ.